ಉಲ್ಟಾ ಹೋದ ಅತ್ತೆ

ನಾನು ಬಸುರಿ ಎಂದು ಗೊತ್ತಾದ ದಿನದಿಂದ ನಮ್ಮ ಅತ್ತೆಯ ಕಣ್ಣು ನನ್ನ ನೌಕರಿಯ ಮೇಲೆ ಬಿತ್ತು. ಅಲ್ಲಿಯವರೆಗೆ ನಾನು ಬೆಳಿಗ್ಗೆ ಎಲ್ಲಿಗೆ ಹೋಗುತ್ತೇನೆ, ಹೇಗೆ ಹೋಗುತ್ತೇನೆ ಎಂದು ಒಂದು ಮಾತು ಕೇಳಿದವರಲ್ಲ. ಈಗ ಚಹಾ ಕುಡಿಯುವಾಗ ಒಮ್ಮೆ, ಚಪ್ಪಲಿ ಹಾಕುವಾಗ ಒಮ್ಮೆ, ರಾತ್ರಿ ಊಟಕ್ಕೆ ಕೂತಾಗ ಮತ್ತೊಮ್ಮೆ ಅದೇ ರಾಗ.

“ಆ ಲೋಕಲ್‌ನಲ್ಲಿ ನೇತಾಡ್ಲಿಕ್ಕೆ ಎಂತ ಕರ್ಮ ನಿನಗೆ? ಬಿಟ್ಟುಬಿಡು ಮಾರಾಯ್ತಿ. ಮನೆಯಲ್ಲಿ ಊಟಕ್ಕೆ ಗತಿ ಇಲ್ವಾ?”

“ನಾ ಬಿಡಂಗಿಲ್ರಿ ಅತ್ತಿ,” ಎನ್ನುತ್ತಿದ್ದೆ ನಾನು. ನನ್ನ ತವರಿನವರು ವಿಜಯಪುರದ ಕಡೆಯವರು. ನಾನು ಎಷ್ಟು ಮೆತ್ತಗೆ ಮಾತಾಡಿದರೂ ಉಡುಪಿ ಕಡೆಯ ನಮ್ಮ ಅತ್ತೆಗೆ ಅದು ಜಗಳಕ್ಕೆ ನಿಂತ ಹಾಗೇ ಕೇಳಿಸುತ್ತಿತ್ತು. ಈ ಸಲವಂತೂ ನಾನು ನಿಜಕ್ಕೂ ಜಗಳಕ್ಕೇ ನಿಂತಿದ್ದೆ. ಎಷ್ಟೋ ಪರೀಕ್ಷೆ ಬರೆದು, ಎಷ್ಟೋ ಕಡೆ ಇಲ್ಲ ಅನ್ನಿಸಿಕೊಂಡು ಸಿಕ್ಕ ಕೆಲಸ ಅದು. ಗಂಡ ಎಂಬ ಪ್ರಾಣಿ ಈ ಮಾತು ಶುರುವಾದ ಕೂಡಲೇ ಮೊಬೈಲ್ ಚಾರ್ಜರ್ ಹುಡುಕಲು ಒಳಗೆ ಹೋಗುತ್ತಿತ್ತು.

ನಮ್ಮ ಮನೆ ಮುಂಬೈಯ ಜೋಗೇಶ್ವರಿಯಲ್ಲಿ, ಆಫೀಸು ಫೋರ್ಟ್‌ನಲ್ಲಿ. ಜೋಗೇಶ್ವರಿಯಿಂದ ಹಾರ್ಬರ್ ಲೈನಿನ ಲೋಕಲ್ ಗಾಡಿ ಹತ್ತಿದರೆ ಎಲ್ಲೂ ಬದಲಾಯಿಸದೆ ಆಫೀಸಿನ ಹತ್ತಿರದ ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿಯಬಹುದು. ಅತ್ತೆಯ ಬಾಯಲ್ಲಿ ಆ ಸ್ಟೇಷನ್ನು ಇವತ್ತಿಗೂ ವಿ.ಟಿ. ತೊಂದರೆ ಒಂದೇ, ಕೂರಲು ಜಾಗ. ಬಸುರಿ ಎಂದರೆ ಎದ್ದು ಸೀಟು ಕೊಡುವ ಪುಣ್ಯಾತ್ಗಿತ್ತಿಯರು ಇಲ್ಲದಿಲ್ಲ. ಆದರೆ ಅವರಿರುವಲ್ಲಿಗೆ ಹೋಗಿ ಮುಟ್ಟಬೇಕಲ್ಲ!

ಕೊನೆಗೊಂದು ದಿನ ಅತ್ತೆ ತೀರ್ಪು ಕೊಟ್ಟರು. “ನಾನೇ ಒಂದು ದಿನ ನಿನ್ನ ಜೊತೆ ಬಂದು ನೋಡ್ತೇನೆ. ನೀನು ವಿ.ಟಿ.ವರೆಗೆ ಕೂತು ಹೋಗ್ತೀಯಾ, ಸರಿ, ಕೆಲಸ ಮಾಡು. ನಿಂತು ಹೋಗ್ತೀಯಾ, ಮರುದಿನವೇ ರಾಜೀನಾಮೆ.”

“ಆತ್ರಿ,” ಎಂದೆ. “ಶನಿವಾರ ಬರ್ರಿ.”

ಶನಿವಾರ ಅರ್ಧ ಮುಂಬೈಗೆ ರಜೆ. ಅತ್ತೆ ನನ್ನ ಮುಖ ನೋಡಿ ನಕ್ಕರು. “ಶನಿವಾರ ಬೇಡ. ಸೋಮವಾರ ಬರ್ತೇನೆ.”

ಹೋಟೆಲ್ ನಡೆಸಿದ ಮನೆಯ ಹೆಂಗಸಿಗೆ ಟೋಪಿ ಹಾಕುವುದು ಸುಲಭವಲ್ಲ. ಆದರೆ ನನ್ನ ಹತ್ತಿರವೂ ಒಂದು ಉಪಾಯವಿತ್ತು. ಹಾರ್ಬರ್ ಗಾಡಿ ಹೊರಡುವುದು ಗೋರೆಗಾಂವ್‌ನಿಂದ, ನಮ್ಮ ಜೋಗೇಶ್ವರಿಗಿಂತ ಎರಡು ಸ್ಟೇಷನ್ ಹಿಂದಿನಿಂದ. ಬುದ್ಧಿವಂತರು ಜೋಗೇಶ್ವರಿಯಲ್ಲಿ ಮುಂಬೈ ಕಡೆಯ ಗಾಡಿಗೆ ಕಾಯುವುದಿಲ್ಲ. ಗೋರೆಗಾಂವ್‌ಗೆ ಹೋಗುವ ಗಾಡಿಯನ್ನೇ ಹತ್ತಿ, ಖಾಲಿಯಾದ ಸೀಟು ಹಿಡಿದು, ಅಲ್ಲಿ ಇಳಿಯದೆ ಹಾಗೇ ಕೂತಿರುತ್ತಾರೆ. ಅದೇ ಗಾಡಿ ಅವರನ್ನು ಹೊತ್ತುಕೊಂಡು ವಾಪಸ್ ಬರುತ್ತದೆ. ಇದಕ್ಕೆ ನಮ್ಮಲ್ಲಿ ಉಲ್ಟಾ ಹೋಗುವುದು ಎನ್ನುತ್ತಾರೆ. ಪಾಸು ಮಾತ್ರ ಗೋರೆಗಾಂವ್‌ನಿಂದಲೇ ಇರಬೇಕು, ಜೋಗೇಶ್ವರಿಯ ಪಾಸು ಅಲ್ಲಿ ನಡೆಯುವುದಿಲ್ಲ. ನಾನು ಆ ವಾರವೇ ಗೋರೆಗಾಂವ್‌ನಿಂದ ಪಾಸು ಮಾಡಿಸಿಕೊಂಡೆ. ದರದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವೇನಿರಲಿಲ್ಲ.

ಸೋಮವಾರ ಅತ್ತೆ ಮದುವೆಗೆ ಹೊರಟವರ ಹಾಗೆ ಮಲ್ಲಿಗೆ ಮುಡಿದು ಬಂದರು. ಟಿಕೆಟ್ ಕೌಂಟರಿನ ಹತ್ತಿರ ನಾನು ಹೇಳಿದೆ, “ಅತ್ತಿ, ವಿ.ಟಿ. ಟಿಕೆಟ್ ಒಂದೇ ಸಾಲಂಗಿಲ್ರಿ. ನಾವು ಗೋರೆಗಾಂವ್‌ಗೆ ಹೋಗಿ ತಿರುಗಿ ಬರ್ತೀವಿ, ಅದಕ್ಕೂ ಟಿಕೆಟ್ ಬೇಕ್ರಿ.”

“ನೀನು ನನಗೆ ಟಿಕೆಟಿನ ಪಾಠ ಹೇಳ್ತೀಯಾ?” ಎಂದರು ಅತ್ತೆ.

ಅವರು ಹಾಗೆ ಕೇಳಲು ಕಾರಣವಿತ್ತು. ಮಾವ ಅಂಧೇರಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಅಡುಗೆಯವರು, ಸಪ್ಲೈಯರ್‌ಗಳು ಊರಿಗೆ ಹೋಗುವಾಗ ಟಿಕೆಟಿಗೆ ಅತ್ತೆಯ ಹತ್ತಿರವೇ ಬರುತ್ತಿದ್ದರು. ಉಡುಪಿಗೆ ಟಿಕೆಟ್ ಇಲ್ಲ, ಬರೀ ವೇಯ್ಟಿಂಗ್ ಎಂದು ಎಲ್ಲರೂ ಕೈಚೆಲ್ಲಿದಾಗ ಅತ್ತೆ ಅದೇ ಗಾಡಿಗೆ ಮಂಗಳೂರಿನ ಟಿಕೆಟ್ ತೆಗೆಸಿ, ಉಡುಪಿಯಲ್ಲಿ ಇಳಿದುಕೊಳ್ಳಲು ಹೇಳುತ್ತಿದ್ದರು. ದೂರದ ಊರಿಗೆ ಟಿಕೆಟ್ ತೆಗೆದು ಮೊದಲೇ ಇಳಿದರೆ ರೈಲ್ವೆಯವರ ಗಂಟೇನು ಹೋಗುತ್ತದೆ? ಅದರಿಂದ ಅವರೊಂದು ಸ್ವಂತ ಕಾನೂನು ಮಾಡಿಕೊಂಡಿದ್ದರು. ಕೊನೆಯ ಸ್ಟೇಷನ್ನಿನ ದುಡ್ಡು ಕೊಟ್ಟವರನ್ನು ಯಾರೂ ಏನೂ ಕೇಳುವಂತಿಲ್ಲ. ಮೊದಲೇ ಇಳಿಯಬಹುದಾದರೆ ಮೊದಲೇ ಹತ್ತಲೂಬಹುದು.

ಸರಿ, ಅತ್ತೆ ಜೋಗೇಶ್ವರಿಯಿಂದ ವಿ.ಟಿ.ಗೆ ಹೋಗಿ ಬರುವ ಟಿಕೆಟ್ ಒಂದನ್ನೇ ತೆಗೆದು ಪರ್ಸಿಗೆ ಸೇರಿಸಿದರು. ನಾನು ಬಾಯಿ ಮುಚ್ಚಿಕೊಂಡೆ. ಅವತ್ತು ಅವರ ಮರ್ಜಿ ಕೆಡಿಸುವುದು ನನಗೆ ಬೇಕಿರಲಿಲ್ಲ.

ಗೋರೆಗಾಂವ್ ಗಾಡಿ ಬಂತು. ಲೇಡೀಸ್ ಡಬ್ಬಿಯಲ್ಲಿ ಅತ್ತೆಗೆ ಕಿಟಕಿಯ ಸೀಟು, ನನಗೆ ಪಕ್ಕದ್ದು. ಗೋರೆಗಾಂವ್‌ನಲ್ಲಿ ಇಳಿಯುವವರು ಇಳಿಯುವ ಮುಂಚೆಯೇ ಹತ್ತುವವರು ನುಗ್ಗಿದರು. ಚಿಟಿಕೆ ಹೊಡೆಯುವಷ್ಟರಲ್ಲಿ ಡಬ್ಬಿ ಭರ್ತಿ. ಅತ್ತೆ ಕಾಲು ನೀಡಿಕೊಂಡು, “ಇಷ್ಟೇನಾ? ಇದಕ್ಕೆ ನೀನು ದಿನಾ ಸುಸ್ತು ಸುಸ್ತು ಅನ್ನುದಾ?” ಎಂದರು. ನನ್ನ ನೌಕರಿ ಉಳಿಯಿತು ಎಂದು ಒಳಗೊಳಗೇ ಕುಣಿದೆ.

ಆಗ ಬಾಗಿಲಲ್ಲಿ ಟಿ.ಸಿ. ಕಾಣಿಸಿದಳು. ನಾನು ಫೋನ್ ತೆಗೆದು, ದುಪಟ್ಟಾದ ಮರೆಯಲ್ಲಿ ಅತ್ತೆಗೊಂದು ಟಿಕೆಟ್ ತೆಗೆಯಲು ನೋಡಿದೆ. ಆ್ಯಪು ಒಪ್ಪಲಿಲ್ಲ. ಸ್ಟೇಷನ್ನಿನ ಒಳಗೆ ಕೂತು ಟಿಕೆಟ್ ತೆಗೆಯುವಂತಿಲ್ಲ, ಹೊರಗೆ ಹೋಗಿ ಎಂದಿತು. ಹೊರಗೆ ಹೋಗಿ ಬರುವಷ್ಟರಲ್ಲಿ ನನ್ನ ಸೀಟಿನ ಮೇಲೆ ಇಬ್ಬರು ಕೂತಿರುತ್ತಿದ್ದರು.

ಅತ್ತೆ ತಮ್ಮ ಟಿಕೆಟನ್ನು ದೇವರ ಪ್ರಸಾದ ಕೊಟ್ಟ ಹಾಗೆ ಕೊಟ್ಟರು. ಟಿ.ಸಿ. ಹಿಂದೆ ಮುಂದೆ ತಿರುಗಿಸಿ ನೋಡಿ ಹಿಂದಿಯಲ್ಲಿ ಹೇಳಿದಳು, “ಮಾವಶಿ, ಇದು ಜೋಗೇಶ್ವರಿಯಿಂದ. ಗೋರೆಗಾಂವ್‌ನಲ್ಲಿ ಇದು ನಡೆಯುವುದಿಲ್ಲ. ನಿಮ್ಮ ಹತ್ತಿರ ಇಲ್ಲಿಯ ಟಿಕೆಟ್ ಇಲ್ಲ ಅಂತಲೇ ಲೆಕ್ಕ.”

“ಗಾಡಿ ಖಡಾ ಹೈ,” ಎಂದರು ಅತ್ತೆ ತಮ್ಮ ಹೋಟೆಲ್ ಹಿಂದಿಯಲ್ಲಿ. “ಮೈ ಕಿಧರ್ ಗಯಾ?”

ಗಾಡಿ ನಿಂತಲ್ಲೇ ನಿಂತಿದೆ, ನಾನೆಲ್ಲಿಗೆ ಹೋದೆ ಎಂಬುದು ಅವರ ವಾದ. ಜೋಗೇಶ್ವರಿ ಬರುವವರೆಗೆ ನಾನು ಸುಮ್ಮನೆ ಕೂತಿದ್ದೇನೆ, ಪ್ರಯಾಣ ಶುರುವಾಗುವುದು ಅಲ್ಲಿಂದ ಎಂದರು. ಸುತ್ತಲಿನವರೆಲ್ಲ ಕಿಸಕ್ಕೆಂದರು. ಟಿ.ಸಿ.ಗೂ ನಗು ಬಂತು, ಆದರೂ ಬಿಡಲಿಲ್ಲ. ಅತ್ತೆ ಮಂಗಳೂರು ಟಿಕೆಟಿನ ಕಾನೂನು ತೆಗೆದರು. ಟಿ.ಸಿ. ತಾಳ್ಮೆಯಿಂದಲೇ, “ಮುಂದಿನ ಊರಿನ ಟಿಕೆಟ್ ತೆಗೆದು ಮೊದಲೇ ಇಳಿಯಿರಿ, ನಾನು ಕೇಳುವುದಿಲ್ಲ. ಹಿಂದಿನ ಸ್ಟೇಷನ್ನಿನಿಂದ ಹತ್ತಿದರೆ ಕೇಳಲೇಬೇಕು. ಕೆಳಗೆ ಬನ್ನಿ, ದಂಡ ಬರೆಯುತ್ತೇನೆ,” ಎಂದಳು.

ಕೆಳಗೆ ಬನ್ನಿ ಎಂದ ಕೂಡಲೇ ನಿಂತ ಹೆಂಗಸರ ಕಣ್ಣೆಲ್ಲ ಆ ಕಿಟಕಿಯ ಸೀಟಿಗೆ ಅಂಟಿದವು. ಅತ್ತೆ ಅದನ್ನು ನೋಡಿದರು. ಕೊತ್ತಂಬರಿ ಸೊಪ್ಪಿನವನ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು, ಸೀರೆಯ ನೆರಿಗೆ ಸರಿಮಾಡಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತರು.

“ಇಳಿಯುದಿಲ್ಲ. ಇಲ್ಲೇ ಬರಿ,” ಎಂದು ಪರ್ಸು ಬಿಚ್ಚಿದರು.

ದಂಡ ಕಟ್ಟಿ ರಸೀದಿ ಮಡಚಿಟ್ಟರು. ಗಾಡಿ ಹೊರಟಿತು. ಅತ್ತೆ ತುಟಿಪಿಟಕ್ಕೆನ್ನಲಿಲ್ಲ. ನಮ್ಮ ಅತ್ತೆ ಬೈಯುತ್ತಿದ್ದರೆ ಭಯವಿಲ್ಲ, ಸುಮ್ಮನಾದರೆ ಮಾತ್ರ ಏನೋ ಕಾದಿದೆ ಎಂದೇ ಅರ್ಥ.

ಅಂಧೇರಿಯಲ್ಲಿ ನಿಜವಾದ ನೂಕುನುಗ್ಗಲು ಶುರುವಾಯಿತು. ಒಬ್ಬಳ ಚೀಲ ಅತ್ತೆಯ ಮಲ್ಲಿಗೆಗೆ ಬಡಿಯಿತು. ಇನ್ನೊಬ್ಬಳು ನಿಂತಲ್ಲೇ ಬಾಚಣಿಗೆ ತೆಗೆದು ತಲೆ ಬಾಚಿದಳು. ಮತ್ತೊಬ್ಬಳು ಬಟಾಣಿ ಸುಲಿಯಲು ಶುರುಮಾಡಿದಳು. ಬಾಂದ್ರಾದಲ್ಲಿ ಇನ್ನಷ್ಟು ಜನ. ಇನ್ನು ಅತ್ತೆಯ ಬಾಯಿಂದ ಬರುವ ಮೊದಲ ಮಾತೇ ರಾಜೀನಾಮೆ ಎಂದುಕೊಂಡು ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ವಡಾಲಾ ದಾಟಿದ ಮೇಲೆ ಅತ್ತೆ ಬಾಯಿ ಬಿಟ್ಟರು. “ಇಷ್ಟು ಹೆಂಗಸರೂ ಕೆಲಸಕ್ಕೇ ಹೋಗುದಾ?”

“ಹೌದ್ರಿ.”

“ಯಾರ ಮನೆಯಲ್ಲೂ ಅತ್ತೆ ಇಲ್ವಾ?”

ಅವರ ತಲೆಯ ಮೇಲಿನ ಹಿಡಿಕೆ ಹಿಡಿದು ನಿಂತಿದ್ದ ಒಬ್ಬ ಹುಡುಗಿಗೆ ಕನ್ನಡ ಬರುತ್ತಿತ್ತು. ತಡವರಿಸುತ್ತ ಹೇಳಿದಳು, “ಇದ್ದಾರೆ ಆಂಟಿ. ನನ್ನ ಬೇಬಿ ಅವರ ಹತ್ರಾನೇ ಇದೆ. ಅವರಿಂದಾನೇ ನಾನು ಆಫೀಸ್ ಬರ್ತೀನಿ.”

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸ್ವಲ್ಪ ಸರಿದು, ಸೀಟು ತಟ್ಟಿ, “ಬಾ, ಇಲ್ಲೊಂದು ತುದಿಗೆ ಕೂತ್ಕೊ,” ಎಂದರು. ಮೂವರ ಸೀಟಿನಲ್ಲಿ ನಾಲ್ವರಾದೆವು. ಸಿಎಸ್‌ಎಂಟಿಯಲ್ಲಿ ನಾನು ಇಳಿದರೂ ಅತ್ತೆ ಇಳಿಯಲಿಲ್ಲ. “ಇದೇ ಗಾಡಿ ವಾಪಸ್ ಹೋಗ್ತದಲ್ಲ? ಹೆದರಬೇಡ, ಈ ಸಲ ಜೋಗೇಶ್ವರಿಯಲ್ಲೇ ಇಳೀತೇನೆ,” ಎಂದರು.

ಸಂಜೆ ಮನೆಗೆ ಬಂದರೆ ನೌಕರಿಯ ಸುದ್ದಿಯೇ ಇಲ್ಲ. ಗಂಡ ಅಭ್ಯಾಸಬಲದಿಂದ ಚಾರ್ಜರ್ ಹುಡುಕಲು ಒಳಗೆ ಹೋದ. ಮರುದಿನ ಬೆಳಿಗ್ಗೆ ನಾನು ಎದ್ದಾಗ ಅತ್ತೆ ಮನೆಯಲ್ಲಿರಲಿಲ್ಲ, ನನ್ನ ಊಟದ ಡಬ್ಬಿಯೂ ಇರಲಿಲ್ಲ. ಎಲ್ಲಿ ಎಂದು ತಲೆ ಕೆಡಿಸಿಕೊಳ್ಳುತ್ತಿರುವಾಗ ಫೋನ್ ಬಂತು.

“ಗೋರೆಗಾಂವ್‌ನಲ್ಲಿದ್ದೇನೆ. ನಿನ್ನೆಯ ಲೇಡೀಸ್ ಡಬ್ಬಿಯೇ. ಗಾಡಿ ಈಗ ಬಿಡ್ತದೆ, ನೀನು ಜೋಗೇಶ್ವರಿ ಪ್ಲಾಟ್‌ಫಾರ್ಮಿಗೆ ಬಾ.”

ಓಡಿದೆ. ಬಸುರಿ ಓಡಬಾರದು, ಆದ್ದರಿಂದ ಅರ್ಧ ಓಡಿದೆ. ಗಾಡಿ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕಿಟಕಿಯ ಸೀಟಿನ ಮೇಲೆ ನನ್ನ ಊಟದ ಚೀಲ, ಅದಕ್ಕೆ ಪಕ್ಕದವಳ ಕಾವಲು. “ಹೋಗು, ಕೂತ್ಕೊ!” ಎಂದು ನನ್ನನ್ನು ಒಳಗೆ ತಳ್ಳಿ, ಅವರು ಕೆಳಗಿಳಿದರು. ಗಾಡಿ ಹೊರಡುವಾಗ ಪ್ಲಾಟ್‌ಫಾರ್ಮಿನಿಂದಲೇ ತಮ್ಮ ಹೊಸ ಪಾಸು ಎತ್ತಿ ತೋರಿಸಿದರು. ಜೋಗೇಶ್ವರಿಯಿಂದ ಗೋರೆಗಾಂವ್, ಅಷ್ಟೇ. ಅದಕ್ಕಿಂತ ಅಗ್ಗದ ಪಾಸು ಆ ಲೈನಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಆಮೇಲೆ ದಿನವೂ ಇದೇ. ಚೀಲ ಇಟ್ಟು ಸೀಟು ಹಿಡಿಯುವುದು ಯಾವ ನ್ಯಾಯ ಎಂದು ಜಗಳಕ್ಕೆ ಬಂದವರೂ ಇದ್ದರು. ಅತ್ತೆ ಅವರ ಊರು, ಕುಲ, ಮಂಡಿನೋವು ಎಲ್ಲ ವಿಚಾರಿಸಿ ವಾರದೊಳಗೆ ಅವರನ್ನೇ ಕಾವಲಿಗೆ ಕೂರಿಸಿದರು.

ತಿಂಗಳು ತುಂಬುತ್ತ ಬಂದಂತೆ ನನ್ನ ಹಟವೂ ಕರಗಿತು. ಜೋರು ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಕಾಲು ಬಾತಿತ್ತು, ಬೆನ್ನು ನೋಯುತ್ತಿತ್ತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

“ಸಾಕಾಗೇತ್ರಿ ಅತ್ತಿ,” ಎಂದೆ. “ನೀವು ಹೇಳಿದ್ದೇ ಖರೆ. ನೌಕರಿ ಬಿಟ್ಟುಬಿಡ್ತೀನ್ರಿ.”

“ಬಿಡ್ಲಿಕ್ಕೆ ಆಗುದಿಲ್ಲ. ಅಗ್ಗ ಆಗ್ತದೆ ಅಂತ ಪಾಸು ಮೂರು ತಿಂಗಳದ್ದು ತೆಗೆದಿದ್ದೇನೆ, ಇನ್ನೂ ಮುಗಿಲಿಲ್ಲ. ಇವತ್ತು ಬೇಕಾದ್ರೆ ರಜೆ ಹಾಕಿ ಮಲಗು.”

“ಮುಗಿದ ಮ್ಯಾಲೆ?”

ಅತ್ತೆ ಚಪ್ಪಲಿ ಬಿಚ್ಚಿ ಒಳಗೆ ಬಂದು, ನನ್ನ ಕಾಲ ಕೆಳಗೆ ದಿಂಬು ಇಟ್ಟರು. “ಮುಗಿದ ಮೇಲೆ ಮಗುವನ್ನು ನಾನು ಹಿಡ್ಕೊಳ್ತೇನೆ, ಸೀಟು ನೀನೇ ಹಿಡ್ಕೊ.”