ಮನೆ ಹೆಸರು ಕೇಳುವ ಕೆಲಸ

ಶಿರಸಿಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಆರು ವರ್ಷ ಕೌಂಟರಿನ ಹಿಂದೆ ಕೂತವಳು ನಾನು. ಬಂದವರ ಹೆಸರು, ವಯಸ್ಸು, ಊರು ಕೇಳಿ ಕಂಪ್ಯೂಟರಿಗೆ ತುಂಬುವುದು, ಸ್ಟಿಕ್ಕರ್ ತೆಗೆದು ರಕ್ತದ ಟ್ಯೂಬಿಗೆ ಅಂಟಿಸುವುದು, ಮಧ್ಯಾಹ್ನ ರಿಪೋರ್ಟ್ ಮಡಚಿ ಕೊಡುವುದು. ಇಷ್ಟೇ. ಇದರ ಜೊತೆ ಯಾರೂ ಹೇಳಿಕೊಡದ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಪ್ರತಿಯೊಬ್ಬರನ್ನೂ "ಯಾವ ಮನೆ?" ಎಂದು ಕೇಳುತ್ತಿದ್ದೆ.

ನಮ್ಮ ಕಡೆ ಅದನ್ನು ಕೇಳದಿದ್ದರೆ ಆಗುವುದಿಲ್ಲ. ಒಂದೇ ಊರಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಮೂರು ಜನ ಸಿಗುತ್ತಾರೆ. ಅಜ್ಜಿಯ ಹೆಸರು ಮೊಮ್ಮಗಳಿಗೆ, ಸಾಲದ್ದಕ್ಕೆ ಸೊಸೆಯೂ ಅದೇ ಹೆಸರಿನವಳು. ಮೇಲಿನಮನೆಯವರೋ ಹೊಸಮನೆಯವರೋ ಎಂದು ತಿಳಿದರೆ ಮಾತ್ರ ಮನುಷ್ಯ ಯಾರೆಂದು ತಿಳಿದಂತೆ. ಕಂಪ್ಯೂಟರಿನಲ್ಲಿ ಮನೆ ಹೆಸರು ಬರೆಯಲು ಜಾಗವೇ ಇರಲಿಲ್ಲ. ನಾನು ಪೇಪರ್ ಟೇಪಿನ ಚೂರಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದು ಟ್ಯೂಬಿಗೆ ಅಂಟಿಸುತ್ತಿದ್ದೆ.

ಮನೆಮನೆಗೆ ಹೋಗಿ ರಕ್ತ ತರುತ್ತಿದ್ದ ಟೆಕ್ನಿಶಿಯನ್ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದ ವಾರವೇ ನನ್ನ ತಲೆನೋವು ಶುರುವಾಯಿತು. ಮ್ಯಾನೇಜರು ಹಾವೇರಿ ಕಡೆಯವರು. ಕೆಟ್ಟವರು ಎನ್ನಲಾರೆ. ಮಾಲೀಕರ ಫೋನ್ ಬಂದರೆ ಎದ್ದು ನಿಂತು ಮಾತಾಡುವ ಪಾಪದ ಮನುಷ್ಯ. ಆದರೆ ಆ ಹೆದರಿಕೆಯನ್ನೆಲ್ಲ ತಂದು ನನ್ನ ಮೇಲೆ ಸುರಿಯುತ್ತಿದ್ದರು.

"ಮೇಡಂ, ನಾಳೆಯಿಂದ ಮನಿ ವಿಸಿಟಿಗೆ ನೀವ ಹೋಗ್ರಿ."

"ಸರ್, ನಂಗೆ ರಕ್ತ ತೆಗಿಯೂಕೆ ಬರೂದಿಲ್ಲ. ನಾನು ಬಿ.ಕಾಂ."

"ಆರು ವರ್ಷ ನೋಡೀರಲ್ಲ, ಇನ್ನೇನ ಕಲಿಯೂದು? ನಮ್ಮವ್ವ ಎಮ್ಮಿಗೆ ಇಂಜೆಕ್ಷನ್ ಮಾಡ್ತಾಳ. ಯಾವ ಕಾಲೇಜಿಗೆ ಹೋಗಿದ್ಲಾಕಿ?"

ನಾನು ಎಮ್ಮೆಗಲ್ಲ, ಮನುಷ್ಯರಿಗೆ ಚುಚ್ಚಬೇಕಾದದ್ದು ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಅವರೇ, "ಆಗಂಗಿಲ್ಲ ಅಂದ್ರ ರಾಜೀನಾಮೆ ಬರದು ಕೊಡ್ರಿ. ಈ ಕುರ್ಚಿಗೆ ಹತ್ತು ಮಂದಿ ಅದಾರ," ಎಂದರು. ಮಗಳ ಶಾಲೆ, ವ್ಯಾಪಾರವಿಲ್ಲದೆ ಕೂತ ಗಂಡನ ಅಂಗಡಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡೆ. ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿರುವುದು ಆ ಒಂದು ಗಳಿಗೆಗೆ.

ಲ್ಯಾಬಿನೊಳಗಿದ್ದ ಇನ್ನೊಬ್ಬ ಟೆಕ್ನಿಶಿಯನ್ ತನ್ನ ಕೈಯನ್ನೇ ಒಡ್ಡಿ ಎರಡು ಸಲ ಕಲಿಸಿದಳು. ಮರುದಿನ ಬೆಳಿಗ್ಗೆ ಸ್ಕೂಟಿ ಮೇಲೆ ಐಸ್ ಡಬ್ಬಿ ಕಟ್ಟಿಕೊಂಡು ಸಿದ್ದಾಪುರದ ಕಡೆ ಹೊರಟೆ. ತ್ಯಾಗಲಿ ಊರಿನ ಮೇಲಿನಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ಕಾಲಲ್ಲಿ ಮಾಯದ ಗಾಯ, ಬಸ್ಸು ಹತ್ತಲಾಗದವರು. ಅವರ ತೋಳಿಗೆ ಪಟ್ಟಿ ಕಟ್ಟಿದೆ. ನರ ಬೆರಳಿಗೆ ಸಿಗುತ್ತದೆ, ಸೂಜಿಗೆ ಸಿಗುವುದಿಲ್ಲ. ಒಂದು ಸಲ ಚುಚ್ಚಿದೆ, ಇಲ್ಲ. ಎರಡು ಸಲ, ಇಲ್ಲ. ನನ್ನ ಬೆವರು ಅವರ ಕೈ ಮೇಲೆ ತೊಟ್ಟಿಕ್ಕಿತು.

"ಹೆದ್ರಡ ತಂಗಿ, ಎಂಗೆ ಎಂತೂ ಆಗ್ತಿಲ್ಲೆ," ಎಂದರು ಅಜ್ಜಿ. ಅಯ್ಯೋ, ಚುಚ್ಚಿಸಿಕೊಳ್ಳುವವರು ಚುಚ್ಚುವವಳಿಗೆ ಸಮಾಧಾನ ಹೇಳುವ ಕರ್ಮ! ಮೂರನೇ ಸಲ ರಕ್ತ ಬಂತು. ಟೇಪಿನ ಮೇಲೆ 'ಮೇಲಿನಮನೆ' ಎಂದು ಬರೆದು ಅಂಟಿಸಿದೆ.

ವಾಪಸು ಬಂದಾಗ ನನ್ನ ಕುರ್ಚಿಯಲ್ಲಿ ಮ್ಯಾನೇಜರು ಕೂತು ಹೆಸರು ತುಂಬುತ್ತಿದ್ದರು. ಟ್ಯೂಬು ಅವರ ಕೈಗಿಟ್ಟು ಹಿಂದಿನ ಕೋಣೆಗೆ ಹೋಗಿ ಕೂತುಬಿಟ್ಟೆ. ಅಜ್ಜಿಯ ತೋಳು ನೀಲಿಗಟ್ಟಿರಬಹುದೇ, ಮನೆಯವರು ಫೋನ್ ಮಾಡಿ ಬೈಯಬಹುದೇ ಎಂಬುದೊಂದೇ ಯೋಚನೆ.

ಮಧ್ಯಾಹ್ನ ಕೌಂಟರಿಗೆ ಬಂದೆ. ತ್ಯಾಗಲಿಯವರೇ ಆದ ಇನ್ನೊಬ್ಬ ಅಜ್ಜಿ, ಹೊಸಮನೆಯವರು, ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದು ಲ್ಯಾಬಿನಲ್ಲೇ ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಕಡ್ಡಿಯಂಥ ಮೈ. ಜೊತೆಗಿದ್ದ ಸೊಸೆ ಚೀಟಿ ತೋರಿಸಿದಳು.

"ಶುಗರ್ ಒಂದೇ ಸಲ ಏರಿಬಿಟ್ಟಿದ್ಯಂತೆ. ಇವತ್ತು ಸಂಜೆಯಿಂದಲೇ ಇನ್ಸುಲಿನ್ ಡಬಲ್ ಮಾಡಿ ಅಂದ್ರು ಡಾಕ್ಟ್ರು."

"ತಪ್ಪಿಸ್ಬೇಡಿ ಮತ್ತೆ, ಊಟಕ್ಕಿಂತ ಮೊದ್ಲು ಹಾಕ್ಬೇಕು," ಎಂದೆ ನಾನು. ದೊಡ್ಡ ಜಾಣೆಯ ಹಾಗೆ!

ಐದು ಗಂಟೆಗೆ ಉಳಿದ ರಿಪೋರ್ಟುಗಳನ್ನು ಮಡಚುವಾಗ ಮೇಲಿನಮನೆ ಅಜ್ಜಿಯದು ಕೈಗೆ ಬಂತು. ಸಕ್ಕರೆ ಸರಿಯಾಗಿಯೇ ಇತ್ತು. ಮಾಯದ ಗಾಯ ಇಟ್ಟುಕೊಂಡು ಇದು ಹೇಗೆ ಎಂದುಕೊಂಡೆ. ಹೆಸರು ನೋಡಿದೆ. ಊರು ನೋಡಿದೆ. ಬೆಳಗಿನ ಪಟ್ಟಿ ತೆರೆದೆ. ಅದೇ ಹೆಸರು, ಅದೇ ಅಡ್ಡಹೆಸರು, ಅದೇ ಊರು, ಎರಡು ಸಲ.

ಒಳಗೆ ಓಡಿ ಬಳಸಿದ ಟ್ಯೂಬುಗಳ ಸ್ಟ್ಯಾಂಡಿನಿಂದ ಹೊಸಮನೆ ಅಜ್ಜಿಯ ನಂಬರಿನ ಟ್ಯೂಬು ಹುಡುಕಿ ಸ್ಟಿಕ್ಕರ್ ಕಿತ್ತೆ. ಅಡಿಯಲ್ಲಿ ನನ್ನದೇ ಅಕ್ಷರ, 'ಮೇಲಿನಮನೆ'. ಮ್ಯಾನೇಜರು ಟೇಪಿನ ಮೇಲೆಯೇ ಅಂಟಿಸಿದ್ದರು, ಅದೂ ಅದಲುಬದಲು. ಸಕ್ಕರೆ ಸರಿಯಾಗಿಯೇ ಇದ್ದ ಆ ಕಡ್ಡಿ ಮೈಗೆ ಇನ್ನು ಎರಡು ತಾಸಿನಲ್ಲಿ ಡಬಲ್ ಇನ್ಸುಲಿನ್ ಹೋಗಲಿತ್ತು.

ನಮ್ಮ ಅಪ್ಪನಿಗೆ ಒಮ್ಮೆ ಹೀಗೇ ಸಕ್ಕರೆ ಇಳಿದು, ಬೆವೆತು, ಕರೆದರೂ ಓಗೊಡದೆ ಬಿದ್ದದ್ದನ್ನು ನೋಡಿದವಳು ನಾನು. ಅಪ್ಪ ಬದುಕಿದ್ದು ಆಸ್ಪತ್ರೆ ಹತ್ತಿರವಿತ್ತೆಂದು. ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹೊಸಮನೆಗೆ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ. ಮೇಲಿನಮನೆಗೂ ಹಾಗೇ. ಕರೆಂಟ್ ಹೋದರೆ ಆ ಕಡೆ ಟವರೂ ಹೋಗುತ್ತದೆ.

ಟ್ಯೂಬನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರ ಮುಖ ಬಿಳಿಚಿತು. ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು.

"ರಿಚೆಕ್ ಐತಿ ಅಂತ ನಾಳೆ ಮುಂಜಾನೆ ಕರಸೋಣು. ತಪ್ಪಾಗೇತಿ ಅಂತ ಯಾರಿಗೂ ಹೇಳಬ್ಯಾಡ್ರಿ."

"ಸರ್, ಇಂಜೆಕ್ಷನ್ ಇವತ್ತು ಸಂಜೆಗೆ!"

"ಒಂದ್ ಹೊತ್ತಿಗೆ ಏನಾಗ್ತದರೀ? ಕೇಳ್ರಿಲ್ಲೆ. ಆ ರಕ್ತ ತಗದವರು ಯಾರು ಅಂತ ಕೇಳಿದ್ರ ಏನ್ ಹೇಳ್ತೀರಿ? ಸರ್ಟಿಫಿಕೇಟ್ ಐತೇನ್ ನಿಮ್ಮ ಹತ್ರ? ಸಿಗಾಕ್ಕೊಳ್ಳೋರು ನೀವ."

ಮೈಯೆಲ್ಲ ಉರಿದುಹೋಯಿತು. ಒಲ್ಲೆ ಒಲ್ಲೆ ಎಂದವಳ ಕೈಗೆ ಸೂಜಿ ಕೊಟ್ಟು, ಈಗ ಅದೇ ಸೂಜಿಯಿಂದ ನನ್ನ ಬಾಯಿ ಹೊಲಿಯಲು ಹೊರಟಿದ್ದರು. "ಮುಂದಿನ ವಾರ ಕಿರವತ್ತಿಯೊಳಗ ಲಾರಿ ಡ್ರೈವರಗಳ ರಕ್ತ ತಪಾಸಣಿ ಕ್ಯಾಂಪ್ ಐತಿ, ಅದನ್ನೂ ನೀವ ನೋಡ್ಕೋಬೇಕು," ಎಂದು ಬೇರೆ ಸೇರಿಸಿದರು. ಏನೂ ಆಗಿಯೇ ಇಲ್ಲವೇನೋ ಎಂಬ ಹಾಗೆ. ನಾನು ಸ್ಕೂಟಿ ಕೀಲಿ ತೆಗೆದುಕೊಂಡೆ.

ಆ ದಾರಿಯನ್ನು ಹೇಗೆ ದಾಟಿದೆನೋ. ಪ್ರತಿ ತಿರುವಿನಲ್ಲೂ ಗಡಿಯಾರ ನೋಡುತ್ತಿದ್ದೆ. ಇವತ್ತು ಬೇಗ ಉಂಡುಬಿಟ್ಟಿದ್ದರೆ? ನಾನೇ ತಪ್ಪಿಸಬೇಡಿ ಅಂದೆನಲ್ಲ, ಅದಕ್ಕೇ ಮುಂಚೆ ಹಾಕಿಬಿಟ್ಟಿದ್ದರೆ? ದೇವರೇ, ಇನ್ನೊಂದು ಹತ್ತು ನಿಮಿಷ ಎಂದು ಬಾಯಿಬಿಟ್ಟೇ ಬೇಡಿಕೊಂಡೆ.

ಹೊಸಮನೆಯ ಜಗುಲಿಯಲ್ಲಿ ಎಮರ್ಜೆನ್ಸಿ ದೀಪದ ಬೆಳಕಿಗೆ ಸೊಸೆ ಔಷಧಿ ಡಬ್ಬಿ ತೆರೆದು ಕೂತಿದ್ದಳು. ಚಪ್ಪಲಿಯನ್ನೂ ಬಿಡದೆ, "ಹಾಕ್ಬೇಡಿ!" ಎಂದು ಕೂಗಿದೆ. ಆಮೇಲೆ ಕಂಬ ಹಿಡಿದು ನಿಂತು, ರಿಪೋರ್ಟ್ ನಿಮ್ಮದಲ್ಲ, ಮೇಲಿನಮನೆಯವರದು, ಹಳೆ ಪ್ರಮಾಣವನ್ನೇ ಹಾಕಿ, ಡಾಕ್ಟರ ಜೊತೆ ನಾನೇ ಮಾತಾಡಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಸೊಸೆ ಡಬ್ಬಿ ಮುಚ್ಚಿದಳು.

ಅಜ್ಜಿ ಮಾತ್ರ ಸೆರಗು ಸರಿಸಿ ತೋಳು ಮುಂದೆ ಚಾಚಿದರು. "ಹಂಗಾರೆ ಈಗ್ಲೇ ಇನ್ನೊಂದ್ಸಲ ರಕ್ತ ತಗ, ತಂಗಿ. ಅದ್ಕೇನು."

"ನಂಗೆ ರಕ್ತ ತೆಗಿಯೂಕೆ ಬರೂದಿಲ್ಲ ಅಜ್ಜಿ," ಎಂದೆ. "ಬೆಳಿಗ್ಗೆ ಮೇಲಿನಮನೆಯಲ್ಲಿ ತೆಗೆದವಳು ನಾನೇ. ಬರದೇ ಇದ್ರೂ ತೆಗೆದೆ. ಮೂರು ಸಲ ಚುಚ್ಚಿದೆ."

ಅಜ್ಜಿ ತೋಳನ್ನು ಹಿಂದಕ್ಕೆ ತೆಗೆದುಕೊಂಡರು. "ಹಂಗಾರೆ ನಿನ್ನ ಕೆಲ್ಸ ಎಂತದು?"

"ಯಾವ ಮನೆ ಅಂತ ಕೇಳಿ ಬರ್ಕೊಳ್ಳೂದು."

"ಇವತ್ತು ಅದ್ನ ಮಾಡಿದ್ದಿಲ್ಯಾ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದ್ದಷ್ಟೇ. ಅಳು ಬಂದುಬಿಟ್ಟಿತು. ಸೊಸೆ ನೀರು ತಂದುಕೊಟ್ಟಳು. ನೀರು ಕುಡಿದು, ಆ ರಿಪೋರ್ಟನ್ನು ಇಸಿದುಕೊಂಡು ಹೆಸರಿನ ಮೇಲೆ ಗೀಟು ಹಾಕಿದೆ. 'ಇದು ಹೊಸಮನೆಯವರದಲ್ಲ, ಮೇಲಿನಮನೆಯವರದು. ಟ್ಯೂಬು ಅದಲುಬದಲಾಗಿದೆ. ಈ ರಕ್ತ ತೆಗೆದವಳು ನಾನು, ನನಗೆ ಅದರ ತರಬೇತಿ ಇಲ್ಲ' ಎಂದು ಬರೆದೆ. ಯಾರಾದರೂ ಕೇಳಿದರೆ ಇದನ್ನೇ ತೋರಿಸಿ ಎಂದು ಕೆಳಗೆ ಸಹಿ ಹಾಕಿ ಸೊಸೆಯ ಕೈಗೆ ಕೊಟ್ಟೆ. ಆಮೇಲೆ ಅಲ್ಲಿಯ ಅಜ್ಜಿಗೂ ನಿಜ ತಿಳಿಸಲು ಮೇಲಿನಮನೆಗೆ ಹತ್ತಿರದ ದಾರಿ ಕೇಳಿಕೊಂಡು, ಸ್ಕೂಟಿ ಅಲ್ಲೇ ಬಿಟ್ಟು, ಕಾಲುದಾರಿಯಲ್ಲಿ ಹೊರಟೆ.