ಕ್ಯಾಂಬೆಲ್ ಎಂದರೆ ಸೊಟ್ಟ ಬಾಯಿ

ನಾನು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಿ.ಪಿ., ಅಂದರೆ ಕುಟುಂಬ ವೈದ್ಯನಾಗಿ ಸೇರಿ ಆಗ ಒಂಬತ್ತು ವರ್ಷವಾಗಿತ್ತು. ಒಂದು ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಆಲನ್ ಕ್ಯಾಂಬೆಲ್ ಎಂಬವರು ಬಿ.ಪಿ. ತೋರಿಸಲು ಬಂದರು. ಅರವತ್ತೆಂಟು ವರ್ಷದ ನಿವೃತ್ತ ಬಸ್ ಚಾಲಕರು, ಮೂಲ ಸ್ಕಾಟ್ಲೆಂಡ್. ಆ ಮುಖ ನನಗೆ ಹೊಸದು.

ಜೊತೆಗಿದ್ದ ಹೆಂಡತಿ ಮೊಯ್ರಾ ಹೇಳಿದರು: "ಇವತ್ತು ಏಳು ಗಂಟೆಯಿಂದ ಇವರ ಬಾಯಿ ಎಡಗಡೆ ಜೋತುಬಿದ್ದ ಹಾಗಿದೆ ಡಾಕ್ಟರ್."

ಆಲನ್ ನಕ್ಕರು. "ನಮ್ಮ ಹೆಸರೇ ಅದು. ಗೇಲಿಕ್ ಭಾಷೆಯಲ್ಲಿ ಕ್ಯಾಮ್ ಅಂದ್ರೆ ಸೊಟ್ಟ, ಬೇಲ್ ಅಂದ್ರೆ ಬಾಯಿ. ಯಾವನೋ ಮುತ್ತಜ್ಜನ ಅಡ್ಡಹೆಸರು ನಮಗೆಲ್ಲ ಅಂಟ್ಕೊಂಡಿದೆ. ನಮ್ಮಪ್ಪನ ಬಾಯಿನೂ ಹೀಗೇ ಇತ್ತು."

ನಾನು ಧಾರವಾಡದವನು. ನನ್ನ ಅಡ್ಡಹೆಸರು ಉಳ್ಳಾಗಡ್ಡಿ, ಅದರರ್ಥ ಈರುಳ್ಳಿ ಎಂದೆ. ಇಬ್ಬರೂ ನಕ್ಕೆವು. ಮೊಯ್ರಾ ನಗಲಿಲ್ಲ. ಆಲನ್ ಅವರ ಎರಡೂ ಕೈ ಎತ್ತಿಸಿ ನೋಡಿದೆ, ಎತ್ತಿದರು. ಮಾತು ಸ್ಪಷ್ಟವಾಗಿತ್ತು. ಬಿ.ಪಿ. ಮಾತ್ರೆ ಹೆಚ್ಚಿಸಿ, ಕಂಪ್ಯೂಟರಿನಲ್ಲಿ 'ಮುಖದ ಓರೆ, ವಂಶಪಾರಂಪರ್ಯ' ಎಂದು ಬರೆದು ಕಳಿಸಿಬಿಟ್ಟೆ.

ಮಧ್ಯಾಹ್ನ ಎರಡಕ್ಕೆ ಮೊಯ್ರಾ ಫೋನ್ ಮಾಡಿದರು. ಆಲನ್ ಕೈಯಿಂದ ಕಪ್ ಜಾರಿ, ಅವರೂ ಕುಸಿದಿದ್ದರು. ಆಂಬುಲೆನ್ಸ್ ಬಂದಿತ್ತು. ಸ್ಟ್ರೋಕ್; ಬಾಯಿ ಸೊಟ್ಟಗಾದದ್ದೇ ಅದರ ಮೊದಲ ಲಕ್ಷಣ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರು ನನ್ನೆದುರು ಕೂತಿದ್ದಾಗ ಇನ್ನೂ ಎರಡು ಗಂಟೆ ಉಳಿದಿತ್ತು. ಈಗ ಏನೂ ಉಳಿದಿರಲಿಲ್ಲ. ಆರನೆಯ ದಿನ ಆಲನ್ ತೀರಿಕೊಂಡರು.

ಮೊಯ್ರಾ ಹೇಳಿದ ಮಾತನ್ನು ನಾನು ಟಿಪ್ಪಣಿಯಲ್ಲಿ ಬರೆದಿರಲಿಲ್ಲ. ಈ ಸಾವಿನ ಬಗ್ಗೆ ನಾನು ಬರೆಯಬೇಕಿದ್ದ ವರದಿಯಲ್ಲೂ ಬಿಟ್ಟರೆ ಮೊಯ್ರಾ ಹೊರತು ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ನನಗೆ ಬಂದದ್ದು ನಿಜ. ನಮ್ಮ ಹಿರಿಯ ವೈದ್ಯೆ, ಮೈಸೂರಿನ ಡಾ. ಸುಧಾ, ನನ್ನಿಂದ ಎಲ್ಲ ಕೇಳಿ ಬಾಗಿಲು ಹಾಕಿ ಕೂತರು. "ಅವರ ಹೆಂಡತಿ ಹೇಳಿದ್ರು ಅಂತ ಬರೀರಿ ಗಿರೀಶ್. ನೀವು ಕೇಳಿಸ್ಕೊಳ್ಳಲಿಲ್ಲ ಅಂತಾನೂ ಬರೀರಿ. ಫ್ಯಾಮಿಲಿಗೆ ನೀವೇ ಹೋಗಿ ಹೇಳ್ಬೇಕು."

ಬರೆದೆ. ಮರುದಿನ ಮೊಯ್ರಾ ಮನೆಗೆ ಹೋಗಿ ಎಲ್ಲ ಹೇಳಿದೆ. ಮೊಯ್ರಾ ತಮ್ಮ ಮದುವೆಯ ಫೋಟೋವನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಆಲನ್, ಪಕ್ಕದಲ್ಲಿ ಅವರಪ್ಪ, ಇಬ್ಬರದೂ ನೆಟ್ಟಗಿನ ಬಾಯಿ.

"ಹೆಸರಿನ ಆ ಕಥೆನ ಆಲನ್ ಎಲ್ಲರಿಗೂ ಹೇಳ್ತಿದ್ದ," ಎಂದರು. "ಭಯ ಆದಾಗ ಜಾಸ್ತಿ ಹೇಳ್ತಿದ್ದ. ನಲವತ್ತೊಂದು ವರ್ಷ ಆ ಮುಖ ನೋಡಿದವಳು ನಾನು. ನನ್ನನ್ನ ಒಂದು ಮಾತು ಕೇಳಬಹುದಿತ್ತು."

ನಾನು ಕ್ಷಮೆ ಕೇಳಿದೆ.

ಈ ಪಾಠಕ್ಕೆ ಒಂದು ಜೀವ ಹೋಗಬೇಕಿರಲಿಲ್ಲ. ಮೆಡಿಕಲ್ ಕಾಲೇಜಿನಲ್ಲೇ ಅದನ್ನು ಓದಿ ಪರೀಕ್ಷೆ ಪಾಸಾದವನು ನಾನು. ಈಗ ರೋಗಿ ನಗಿಸಿದಷ್ಟೂ ಹುಷಾರಾಗುತ್ತೇನೆ. ಜೊತೆಗೆ ಬಂದವರ ಕಡೆ ಕುರ್ಚಿ ತಿರುಗಿಸಿ, "ನಿನ್ನೆ ಹೇಗಿದ್ದರು?" ಎಂದು ಕೇಳುತ್ತೇನೆ. ಅವರು ಹೇಳಿ ಮುಗಿಸುವವರೆಗೆ ಕೀಬೋರ್ಡ್ ಮುಟ್ಟುವುದಿಲ್ಲ.