ಹಿತ್ತಲ ಮೇಪಲ್ ನಂಬಿ ಜಪಾನಿಗೆ ಹೋದದ್ದು

ಅಕ್ಟೋಬರ್ ಮಧ್ಯದಲ್ಲಿ ನಾವಿಬ್ಬರು ನ್ಯೂವಾರ್ಕ್‌ನಿಂದ ಟೋಕಿಯೊಗೆ ಹೊರಟೆವು. ಹದಿನಾಲ್ಕು ಗಂಟೆ ಕೂತು ನನ್ನ ಮೊಣಕಾಲುಗಳು ಕಲ್ಲಾದವು. ಎರಡಕ್ಕೂ ಡಿಸೆಂಬರ್‌ನಲ್ಲಿ ಮ್ಯಾನ್‌ಹಟನ್‌ನಲ್ಲಿ ಆಪರೇಷನ್ ನಿಗದಿಯಾಗಿತ್ತು. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ನಮ್ಮ ಮನೆಯಲ್ಲಿ ನಾನು ಮಹಡಿಯಿಂದ ಇಳಿಯುವುದೇ ಹಿಮ್ಮುಖವಾಗಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು. ನೆಂಟರಿದ್ದರೆ ನಾಚಿಕೆಯಾಗಿ ಇಳಿಯುವುದೇ ಇಲ್ಲ. ಆಪರೇಷನ್ ಆಮೇಲಾಗಲಿ, ಅದಕ್ಕೆ ಮುಂಚೆ ಶರತ್ಕಾಲದಲ್ಲಿ ಎಲೆ ಕೆಂಪಾಗುವ ಜಪಾನಿನ ಮೇಪಲ್ ಮರಗಳ ಕೆಳಗೆ ಈ ಹಳೆಯ ಕಾಲಲ್ಲೇ ನಡೆಯಬೇಕೆಂದು ಹಟ ಹಿಡಿದಿದ್ದೆ.

ದಿನ ಗೊತ್ತುಮಾಡಿದ್ದೂ ನಾನೇ. ನಮ್ಮ ಹಿತ್ತಲ ಮೇಪಲ್ ಪ್ರತಿವರ್ಷ ಯಾವ ವಾರ ಕೆಂಪಾಗುತ್ತದೋ ಅದೇ ವಾರಕ್ಕೆ ಟಿಕೆಟ್ ಬುಕ್ ಮಾಡಿಸಿದೆ. ಜಪಾನಿನ ಮರಗಳೂ ನ್ಯೂಜೆರ್ಸಿಯ ಕ್ಯಾಲೆಂಡರ್ ನೋಡುತ್ತವೆ ಎಂದುಕೊಂಡ ಜಾಣೆ ನಾನು! ಟೋಕಿಯೊದಿಂದ ರೈಲು ಹಿಡಿದು ಕ್ಯೋಟೊದಲ್ಲಿ ಇಳಿದು ನೋಡಿದರೆ ದೇವಾಲಯದ ತೋಟವೆಲ್ಲ ಹಚ್ಚ ಹಸಿರು. ಸ್ವೆಟರ್ ಹಾಕಿಕೊಂಡಿದ್ದವಳು ಬೆವೆತುಹೋದೆ.

"ಏನ್ ಪ್ಲ್ಯಾನಿಂಗ್ ನಿಂದು! ಹಸರ ಎಲಿ ನೋಡ್ಲಿಕ್ಕೆ ಇಷ್ಟ್ ದೂರ ಬರಬೇಕಾಗಿತ್ತೇನು?" ಎಂದರು ನನ್ನ ಗಂಡ ಗುರುರಾಜ. ಅವರು ಧಾರವಾಡದವರು, ನಾನು ಮೈಸೂರಿನವಳು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾವು ಉಳಿದಿದ್ದ ಛತ್ರದಂಥ ಪುಟ್ಟ ಹೋಟೆಲಿನ ಒಡತಿ ನನ್ನ ಮುಖ ನೋಡಿ ಫೋನಿನಲ್ಲಿ ಏನೋ ಬರೆದು, ಇಂಗ್ಲಿಷಿಗೆ ತಿರುಗಿಸಿ ತೋರಿಸಿದಳು. ಕ್ಯೋಟೊ ಕೆಂಪಾಗುವುದು ನವೆಂಬರ್ ಕೊನೆಗೆ, ಬಣ್ಣ ಬೆಟ್ಟದಿಂದ ಕೆಳಗಿಳಿದು ಬರುತ್ತದೆ, ಈಗದು ಟೋಕಿಯೊದ ಉತ್ತರಕ್ಕಿರುವ ನಿಕ್ಕೊ ಬೆಟ್ಟಗಳ ಮೇಲಿದೆ ಎಂದಿತ್ತು.

"ಅದು ಇಳಿಯೋವರೆಗೂ ಕಾಯಕ್ಕಾಗಲ್ಲ. ನಾವೇ ಹತ್ತೋಣ," ಎಂದೆ.

"ನಿನ್ನ ಮೊಣಕಾಲು?"

"ಅವೂ ಬರ್ತವೆ."

ಮರುದಿನ ಮೂರು ರೈಲು ಬದಲಿಸಿ ನಿಕ್ಕೊ ಸೇರಿದೆವು. ದಾರಿಯಲ್ಲಿ ತಿಂದ ಅನ್ನದ ಉಂಡೆಯೊಳಗಿನ ಹುಳಿ ಹಣ್ಣು ನಮ್ಮ ಹೇರಳೆಕಾಯಿ ಉಪ್ಪಿನಕಾಯಿಯ ತಮ್ಮನಂತಿತ್ತು. ಅದರ ಮಾರನೆಯ ಬೆಳಗ್ಗೆ ಬಸ್ಸು. ಬೆಟ್ಟದ ರಸ್ತೆಯಲ್ಲಿ ಇಪ್ಪತ್ತು ತಿರುವು. ಒಂದೊಂದು ತಿರುವಿಗೂ ಹಸಿರು ಕಡಿಮೆಯಾಗಿ ಹಳದಿ ಹೆಚ್ಚಾಗುತ್ತಿತ್ತು. ಒಂದು ಗಂಟೆಯ ಮೇಲೆ ರ್ಯೂಜು ಜಲಪಾತದ ಬಳಿ ಇಳಿದಾಗ ಚಳಿ ಕೊರೆಯುತ್ತಿತ್ತು, ಸ್ವೆಟರಿಗೂ ಕೆಲಸ ಸಿಕ್ಕಿತು.

ನೀರಿನ ಪಕ್ಕದಲ್ಲೇ ಮೇಲಕ್ಕೆ ಮೆಟ್ಟಿಲುಗಳಿದ್ದವು. "ಇಲ್ಲಿಂದನ ಛಂದ ಕಾಣಸ್ತದ, ಸಾಕು ಬಿಡು," ಎಂದರು ಗುರುರಾಜ.

ನನಗೆ ಸಾಕಾಗಲಿಲ್ಲ. ಎಡಗಾಲು ಮೊದಲು, ಬಲಗಾಲು ಅದರ ಪಕ್ಕಕ್ಕೆ. ನಾಲ್ಕು ಸಲ ಕೂತೆ, ನಾಲ್ಕು ಸಲ ಎದ್ದೆ. ಗುರುರಾಜರೂ ಬೆನ್ನಿಗೇ ಬಂದರು. ಮೇಲೆ ತಲುಪಿದಾಗ ನೀರಿನ ಮೇಲೆ ಬಾಗಿ ನಿಂತಿತ್ತು ಕುಂಕುಮದಷ್ಟು ಕೆಂಪಾದ ಒಂದು ಮೇಪಲ್. ಅದರ ಕೆಳಗೆ ಈ ಕಡೆಯಿಂದ ಆ ಕಡೆಗೆ ನಡೆದೆ. ಹತ್ತು ಹೆಜ್ಜೆಯೂ ಇರಲಿಕ್ಕಿಲ್ಲ. ತುಂಬ ಸಂತೋಷವಾಯಿತು.

ಹತ್ತುವುದಕ್ಕಿಂತ ಇಳಿಯುವುದೇ ನನಗೆ ಕಷ್ಟ. ಮನೆಯಲ್ಲಿ ಮಾಡುವಂತೆಯೇ ತಿರುಗಿ ನಿಂತು ಕಂಬಿ ಹಿಡಿದೆ. ಜನ ನೋಡಿದರು, ನೋಡಲಿ. ಗುರುರಾಜ ನನ್ನ ಬೆನ್ನ ಹಿಂದೆ ಒಂದು ಮೆಟ್ಟಿಲು ಕೆಳಗೆ ನಿಂತು, "ಇನ್ನೊಂದದ... ಹಾಂ, ಸಾವಕಾಶ," ಎನ್ನುತ್ತಾ ಬಂದರು. ಗಟ್ಟಿ ಕಾಲಿನವರೆಲ್ಲ ಆ ಮರಕ್ಕೆ ಬೆನ್ನು ಹಾಕಿ ಇಳಿದು ಹೋದರು. ನಾನೊಬ್ಬಳೇ ಕೊನೆಯ ಮೆಟ್ಟಿಲವರೆಗೂ ಅದನ್ನು ನೋಡುತ್ತಲೇ ಇಳಿದೆ.